ಸ್ಕ್ಯಾನಿಂಗ್ ಕೋಣೆಗೆ ಹೊರಟ ಮಂಚ

ಮೂಡಬಿದ್ರೆಯ ಒಂದು ಸಣ್ಣ ಆಸ್ಪತ್ರೆಯ ಐಸಿಯು ಡಾಕ್ಟರುಗಳಿಗೆ, ರೋಗಿಯ ಮಂಚದ ಪಕ್ಕದಲ್ಲೇ ನಿಂತು ಸ್ಕ್ಯಾನ್ ಮಾಡುವುದನ್ನು ಕಲಿಸಲು ಹೋಗಿದ್ದೆ. ಅಂದು ಅಲ್ಲಿ ಬೆಳುವಾಯಿಯ ಒಬ್ಬ ರಿಕ್ಷಾ ಡ್ರೈವರ್ ಏದುಸಿರು ಬಿಡುತ್ತಿದ್ದ. ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಸ್ಕ್ಯಾನಿಂಗ್ ಮೆಷಿನ್ ತರಲು ಹೋದರೆ ಮ್ಯಾನೇಜರ್ ಶೆಟ್ರು ಬಾಗಿಲಿಗೆ ಅಡ್ಡ ನಿಂತರು.

"ಇದು ಈ ಕೋಣೆ ಬಿಟ್ಟು ಹೊರಗೆ ಹೋಗ್ಲಿಕ್ಕಿಲ್ಲ ಡಾಕ್ಟ್ರೇ. ಹುಟ್ಟುವ ಮಗು ಗಂಡೋ ಹೆಣ್ಣೋ ಅಂತ ಯಾರೂ ಕದ್ದು ನೋಡಬಾರದಲ್ಲ, ಅದಕ್ಕೆ ಕಾನೂನು ಉಂಟು."

"ಅಲ್ಲಿ ಮಲಗಿದ್ದು ದಪ್ಪ ಮೀಸೆಯ ಗಂಡಸು ಮಾರಾಯ್ರೆ! ಬಿಪಿ ಇಳೀತಾ ಉಂಟು!" ಎಂದು ರೇಗಿದೆ.

ಶೆಟ್ರು ಕದಲಲಿಲ್ಲ. "ನಾಳೆ ಸರ್ಕಾರದವರು ಬಂದು ಮೆಷಿನಿಗೆ ಸೀಲ್ ಹಾಕಿದರೆ ಊರಿನ ಬಸುರಿಯರು ಎಲ್ಲಿಗೆ ಹೋಗುವುದು?"

ಅದೂ ಸುಳ್ಳಲ್ಲ.

ಕಲಿಯಲು ಬಂದಿದ್ದ ಡಾ. ನಸೀಮಾ ಮೆಲ್ಲ ಕೇಳಿದರು: "ಮಂಚ ಒಳಗೆ ಬರಬಾರದು ಅಂತ ಉಂಟಾ ಶೆಟ್ರೇ?"

ಶೆಟ್ರು ಯೋಚಿಸಿದರು. "ಹಾಗೆ ಎಲ್ಲಿಯೂ ಇಲ್ಲ" ಎಂದವರೇ ಆಕ್ಸಿಜನ್ ಸಿಲಿಂಡರಿಗೆ ತಾವೇ ಕೈ ಹಾಕಿದರು. ಉದ್ದನೆಯ ವರಾಂಡದಲ್ಲಿ ಎಲ್ಲರೂ ಸೇರಿ ಮಂಚ ತಳ್ಳಿದೆವು.

ಪರದೆಯಲ್ಲಿ ಅವನ ಹೃದಯದ ಸುತ್ತ ತುಂಬಿ ಅದನ್ನು ಒತ್ತುತ್ತಿದ್ದ ನೀರು ಕಪ್ಪಗೆ ಕಾಣಿಸಿತು. ನಾನು ದಾರಿ ಹೇಳುತ್ತಿದ್ದೆ, ನಸೀಮಾ ಸೂಜಿ ಹಾಕಿ ನೀರು ತೆಗೆದರು. ಬಿಪಿ ಏರಿತು. ಡ್ರೈವರ್ ಕಣ್ಣು ಬಿಟ್ಟು ನೀರು ಕೇಳಿದ.

ಮರುವರ್ಷ ಹೋದಾಗ ಐಸಿಯು ಹಳೆಯ ಜಾಗದಲ್ಲಿ ಇರಲಿಲ್ಲ. ಸ್ಕ್ಯಾನಿಂಗ್ ಕೋಣೆಯ ಪಕ್ಕದ ಸ್ಟೋರ್ ಖಾಲಿ ಮಾಡಿಸಿ, ನಡುವೆ ಅಗಲ ಬಾಗಿಲು ಇಡಿಸಿ, ಮಂಚಗಳನ್ನೆಲ್ಲ ಅಲ್ಲಿಗೇ ತಂದಿದ್ದರು.

"ನೋಡಿ ಡಾಕ್ಟ್ರೇ," ಎಂದರು ಶೆಟ್ರು, "ಮೆಷಿನ್ ಇದ್ದಲ್ಲೇ ಉಂಟು."