ಮಂಜು ಲೆನ್ಸಿನ ಇಂದ್ರಾಣಿ

ನಂಜನಗೂಡಿನಲ್ಲಿ ಈಗಲೂ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಟೊ ತೆಗೆಯುವವಳು ಇಂದ್ರಾಣಿ ಒಬ್ಬಳೇ. ಹುಟ್ಟೂರು ಹೆಡತಲೆ. ಪಿಯುಸಿ ಮುಗಿದ ಮೇಲೆ, ನೆಗೆಟಿವ್‌ಗಳ ಮೇಲೆ ಪೆನ್ಸಿಲ್ಲಿನಿಂದ ಸುಕ್ಕು, ಮಚ್ಚೆ ತಿದ್ದುವ ಕೆಲಸಕ್ಕೆಂದು ಮಾದಯ್ಯನವರ ಸ್ಟುಡಿಯೊ ಸೇರಿದಳು. ಮಾದಯ್ಯನವರಿಗೆ ಮಕ್ಕಳಿರಲಿಲ್ಲ. ವಿಭೂತಿ ಹಚ್ಚಿದ ಹಣೆ, ಬಾಯ್ತುಂಬ ಎಲೆಅಡಿಕೆ, ಸಿಟ್ಟು ಬಂದರೆ ಮಾತೇ ನಿಲ್ಲಿಸಿಬಿಡುವ ಸ್ವಭಾವ. ಕೊನೆಗಾಲದಲ್ಲಿ ಅವರು ಅಂಗಡಿಯನ್ನೂ ತೇಗದ ಮರದ ದೊಡ್ಡ ಕ್ಯಾಮೆರಾವನ್ನೂ ಅವಳ ವಶಕ್ಕೆ ಕೊಟ್ಟು ಹೋದರು. ಅಂಗಡಿಯ ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಡಿಜಿಟಲ್ ಫೋಟೊ. ಹಿಂದಿನ ಕೋಣೆಯಲ್ಲಿ ಕೆಂಪು ಬಲ್ಬು, ಟ್ರೇಗಳು, ಕೆಮಿಕಲ್ಲಿನ ಹುಳಿ ವಾಸನೆ. ಅವಳ ಜೀವವೆಲ್ಲ ಇದ್ದದ್ದು ಆ ಹಿಂದಿನ ಕೋಣೆಯಲ್ಲಿ. ಗಂಡ ರಂಗನಾಯಕ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದು, "ಮೊಬೈಲ್‌ನಲ್ಲಿ ಒಂದ್ಸಲ ಒತ್ತಿದ್ರೆ ಆಗೋ ಕೆಲ್ಸಕ್ಕೆ ಇಡೀ ದಿನ ತಕ್ಕೋತೀಯಲ್ಲೇ" ಎಂದು ನಗುತ್ತಿದ್ದ. ನಗುತ್ತಲೇ ಕ್ಯಾಮೆರಾದ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು ಬಸ್ ಹತ್ತಿಸಿ ಬರುತ್ತಿದ್ದ.

ಆ ಕ್ಯಾಮೆರಾಕ್ಕೆ ಎರಡು ಲೆನ್ಸುಗಳು. ಒಂದು ಕೂದಲೆಳೆಯನ್ನೂ ಬಿಡದೆ ತೋರಿಸುವಂಥದ್ದು. ಇನ್ನೊಂದು ಹಿತ್ತಾಳೆ ಕೊಳವೆಯದು. ಮಾದಯ್ಯನವರು ಅದನ್ನು ಮಂಜು ಲೆನ್ಸು ಎನ್ನುತ್ತಿದ್ದರು. ಮಾಡಿದವರು ಬೇಕೆಂದೇ ಅದರಲ್ಲೊಂದು ಐಬು ಉಳಿಸಿದ್ದರು. ಗಾಜಿನ ನಡುವಿನಿಂದ ಬಂದ ಬೆಳಕು ಒಂದು ಕಡೆ ಕೂಡಿದರೆ ಅಂಚಿನಿಂದ ಬಂದದ್ದು ಇನ್ನೊಂದು ಕಡೆ ಕೂಡುತ್ತಿತ್ತು. ಹೀಗಾಗಿ ಬೆಳಕು ಒಳಬಿಡುವ ಕಿಂಡಿಯನ್ನು ಪೂರ್ತಿ ತೆರೆದುಬಿಟ್ಟರೆ ಒಳಗೊಂದು ಗಟ್ಟಿ ಮುಖ, ಅದರ ಮೇಲೆ ತೆಳು ಮಲ್ಲಿನ ಹೊದಿಕೆಯಂತೆ ಅದೇ ಮುಖದ ಹೊಳಪು. ಕಿಂಡಿಯನ್ನು ಕಿರಿದು ಮಾಡುತ್ತ ಬಂದರೆ ಹೊಳಪು ಕರಗಿ ಗಟ್ಟಿ ಮುಖವೊಂದೇ ಉಳಿಯುತ್ತಿತ್ತು. ಎಷ್ಟು ಮೆತ್ತಗೆ, ಎಷ್ಟು ಚೂಪು ಎಂಬುದೆಲ್ಲ ಕಿಂಡಿಯ ಬಳೆ ತಿರುಗಿಸುವ ಬೆರಳಿಗೆ ಬಿಟ್ಟದ್ದು. ಇನ್ನೊಂದು ತಾಪತ್ರಯವೂ ಇತ್ತು. ಅಗಲ ಕಿಂಡಿಯಲ್ಲಿ ಫೋಕಸ್ ಹಿಡಿದು ಆಮೇಲೆ ಕಿರಿದು ಮಾಡಿದರೆ, ಹಿಡಿದದ್ದು ಜಾರಿಹೋಗಿ ಕಣ್ಣಿನ ಬದಲು ಕಿವಿ ಚೂಪಾಗಿರುತ್ತಿತ್ತು. ಆದ್ದರಿಂದ ಯಾವ ಕಿಂಡಿಯಲ್ಲಿ ತೆಗೆಯುವುದೋ ಅದೇ ಕಿಂಡಿಯಲ್ಲಿ ನೋಡಿ ಹಿಡಿಯಬೇಕು.

"ಮಂಜು ಜಾಸ್ತಿಯಾದಷ್ಟೂ ಚೆಂದ ಅನ್ಕೋಬೇಡ ಕಣಮ್ಮ," ಎಂದು ಮಾದಯ್ಯನವರು ಕಲಿಸುವಾಗಲೇ ಹೇಳಿದ್ದರು. "ಒಳಗೆ ಒಂದೆಳೆ ಗಟ್ಟಿ ಗೆರೆ ಇರ್ಲೇಬೇಕು. ಅದೂ ಹೋದ್ರೆ ಕುರ್ಚೀಲಿ ಕೂತೋರು ಯಾರೂಂತ ನಿಂಗೇ ಗೊತ್ತಾಗಲ್ಲ."

ದೊಡ್ಡ ಅಳತೆಯ ಫಿಲ್ಮು ಈಗ ಸುಲಭಕ್ಕೆ ಸಿಗುವುದಿಲ್ಲ. ಇಂದ್ರಾಣಿ ಆಸ್ಪತ್ರೆಗಳಿಗೆ ಸಾಮಾನು ಒದಗಿಸುವವರಿಂದ ಎಕ್ಸ್‌ರೇ ಫಿಲ್ಮು ತರಿಸಿ ಕತ್ತರಿಸಿಕೊಳ್ಳುತ್ತಿದ್ದಳು. ಅದಕ್ಕೆ ಕೆಂಪು ಬಣ್ಣ ಕಾಣದು. ಕೆಂಪು ಬಲ್ಬಿನಲ್ಲಿ ನೆಮ್ಮದಿಯಾಗಿ ತೊಳೆಯಬಹುದು. ಆದರೆ ಹಣೆಯ ಕುಂಕುಮ ಕಪ್ಪಗಾಗುತ್ತದೆ, ಮುಖದ ಸುಕ್ಕೆಲ್ಲ ಉತ್ತ ಸಾಲಿನ ಹಾಗೆ ಎದ್ದು ಕಾಣುತ್ತದೆ. ಅದಕ್ಕೇ ವಯಸ್ಸಾದವರನ್ನು ಅವಳು ಮಂಜು ಲೆನ್ಸಿನಲ್ಲೇ ತೆಗೆಯುತ್ತಿದ್ದಳು.

ಹೋದ ವರ್ಷ, ಮಳೆಗಾಲ ಕಳೆದು ಗದ್ದೆಗಳು ಹಸಿರೇರಿದ್ದ ದಿನಗಳಲ್ಲಿ, ಕವನ ಎಂಬ ಹುಡುಗಿ ಅಂಗಡಿಗೆ ಬಂದಳು. ಟಿ. ನರಸೀಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಮನೆ ತಲಕಾಡಿನ ಕಡೆ, ಹೊಳೆ ಬದಿಯ ಹಳ್ಳಿ.

"ನಮ್ಮಜ್ಜೀದು ಒಂದು ಫೋಟೊ ಆಗ್ಬೇಕಿತ್ತಕ್ಕ. ಮೊಬೈಲ್‌ನಲ್ಲಿ ಎಷ್ಟು ತೆಗೆದ್ರೂ ಒಪ್ಪಲ್ಲ. 'ಇದ್ರಲ್ಲಿ ನಾನೊಬ್ಳೇ ಇವ್ನಿ' ಅಂತಾರೆ."

"ಮತ್ತೆ ಯಾರಿರಬೇಕಂತೆ?"

"ಹೇಳಲ್ಲ. ವಯಸ್ಸಾಯ್ತಲ್ಲ, ಏನೋ ಅಂತಾರೆ."

ಮರುವಾರ ಇಂದ್ರಾಣಿ ಕ್ಯಾಮೆರಾ ಹೊತ್ತುಕೊಂಡು ನರಸೀಪುರದಲ್ಲಿ ಬಸ್ಸಿಳಿದು, ಆಟೊ ಹಿಡಿದು ಆ ಹಳ್ಳಿ ಸೇರಿದಳು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ಮುಂದೆ ಸಿಮೆಂಟು ಹಾಕಿದ ಅಂಗಳ. ಬೆಳಗಿನ ಬಿಸಿಲು ಚುರುಗುಟ್ಟುತ್ತಿತ್ತು. ಜಗಲಿಯ ನೆರಳಿಗೆ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದರು. ಹೆಸರು ಮರಿತಾಯಮ್ಮ. ಹಿಡಿಯಷ್ಟು ಮೈ, ಎಡ ಮೂಗಿನಲ್ಲಿ ಬಿಳಿ ಹರಳಿನ ಮೂಗುತಿ, ಬಿಗಿದು ಕಟ್ಟಿದ ತುರುಬು. ಕ್ಯಾಮೆರಾವನ್ನು ಕಂಡು ಬೆದರದೆ ಅದರ ಲೆನ್ಸನ್ನೇ ದಿಟ್ಟಿಸುತ್ತ ಕೂತರು.

ಇಂದ್ರಾಣಿ ಕರಿ ಬಟ್ಟೆಯೊಳಗೆ ತಲೆ ಹಾಕಿದಳು. ಕ್ಯಾಮೆರಾದ ಹಿಂಬದಿಯ ಮಬ್ಬು ಗಾಜಿನ ಮೇಲೆ ಅಜ್ಜಿ ತಲೆಕೆಳಗಾಗಿ ಮೂಡಿದರು. ಗಟ್ಟಿ ಮುಖ, ಅದರ ಸುತ್ತ ಹೊಳಪು. ಕಣ್ಣಿನ ರೆಪ್ಪೆಯ ಮೇಲೆ ಫೋಕಸ್ ಹಿಡಿಯುತ್ತಿದ್ದಾಗ ಅಜ್ಜಿ ಕಣ್ಣು ಮುಚ್ಚಿದರು. ಹೊಳಪಿನ ಮುಖ ಕಣ್ಣು ಮುಚ್ಚಲಿಲ್ಲ.

ಇಂದ್ರಾಣಿ ತಲೆ ಹೊರಗೆ ತೆಗೆದು ಲೆನ್ಸನ್ನು ಒರೆಸಿದಳು. ಬಿಸಿಲು ಬಡಿಯುತ್ತಿದೆಯೇನೋ ಎಂದು ಅಂಗೈಯ ನೆರಳು ಹಿಡಿದಳು. ಮತ್ತೆ ನೋಡಿದರೆ ಹಾಗೇ ಇತ್ತು. ಕಿಂಡಿಯನ್ನು ಕಿರಿದು ಮಾಡಿದಳು, ಅಜ್ಜಿಯೊಬ್ಬರೇ ಉಳಿದರು. ಅಗಲ ಮಾಡಿದಳು, ಅದು ತಿರುಗಿ ಬಂತು. ಸುಕ್ಕುಗಳೂ ಅದೇ, ಗಲ್ಲವೂ ಅದೇ, ಮೂಗುತಿ ಮಾತ್ರ ಆಚೆ ಕಡೆಯದು. ಗಾಜಿನಲ್ಲಿ ಬಿಂಬ ಅದಲುಬದಲಾಗುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆಗ ಎರಡೂ ಮೂಗುತಿ ಒಟ್ಟಿಗೇ ಅದಲುಬದಲಾಗಬೇಕಿತ್ತಲ್ಲ?

ಅನುಭವ ಕಲಿಸಿದ್ದ ಒಂದು ಪರೀಕ್ಷೆ ಉಳಿದಿತ್ತು. ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿದ್ದ ಕ್ಯಾಮೆರಾದ ತಿದಿಯನ್ನು ನಿಧಾನವಾಗಿ ಉದ್ದಕ್ಕೆ ಎಳೆದಳು. ತಿದಿ ಉದ್ದವಾದಂತೆ ಹತ್ತಿರವಿರುವುದು ಚೂಪಾಗುತ್ತದೆ, ದೂರದ್ದು ಮಸುಕಾಗುತ್ತದೆ. ಮರಿತಾಯಮ್ಮ ಮಸುಕಾಗುತ್ತ ಹೋದರು. ಹೊಳಪು ಗಟ್ಟಿಯಾಗುತ್ತ ಬಂತು.

ಅಂದರೆ ಆ ಮುಖ ಕುರ್ಚಿಯಲ್ಲಿರಲಿಲ್ಲ. ಕುರ್ಚಿಗೂ ಕ್ಯಾಮೆರಾಕ್ಕೂ ನಡುವೆ ಎಲ್ಲೋ ಇತ್ತು.

ಇಂದ್ರಾಣಿ ಬಟ್ಟೆ ಸರಿಸಿ ನೋಡಿದಳು. ಅಂಗಳದಲ್ಲಿ ಯಾರೂ ಇಲ್ಲ. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ, ಸರಿಯಾಗಿ ನಡುವೆ, ತಟ್ಟೆಯಗಲದ ಒದ್ದೆ.

"ಯಾರಾದ್ರೂ ನೀರು ಚೆಲ್ಲಿದ್ರಾ?" ಎಂದಳು.

"ಇಲ್ವಲ್ಲಕ್ಕ," ಎಂದಳು ಕವನ.

ಮರಿತಾಯಮ್ಮ ಮಾತ್ರ, "ನಿನ್ ಕೆಲ್ಸ ನೀನ್ ಮಾಡು ಮಗಾ," ಎಂದರು.

ಅವಳು ಕಿರಿದು ಕಿಂಡಿಯಲ್ಲೊಂದು, ಅಗಲ ಕಿಂಡಿಯಲ್ಲೊಂದು ಫಿಲ್ಮು ತೆಗೆದುಕೊಂಡು ಊರಿಗೆ ಮರಳಿದಳು. ಕೆಂಪು ಬಲ್ಬಿನ ಕೆಳಗೆ ಮೊದಲನೆಯದು ಸರಾಗವಾಗಿ ಮೂಡಿತು: ಒಬ್ಬ ಮುದುಕಿ, ಒಂದು ಮೂಗುತಿ. ಎರಡನೆಯದನ್ನು ಟ್ರೇಯಲ್ಲಿ ಬಹಳ ಹೊತ್ತು ಆಡಿಸಿದಳು. ಅದರಲ್ಲಿ ಇಬ್ಬರಿದ್ದರು. ಎರಡನೆಯವಳ ತುರುಬು ಬಿಚ್ಚಿತ್ತು. ಕೂದಲು ಕೆನ್ನೆಗೆ, ಕತ್ತಿಗೆ ಅಂಟಿಕೊಂಡಿತ್ತು.

ರಂಗನಾಯಕನಿಗೆ ತೋರಿಸಿದಳು. ಅವನು ಅವತ್ತು ನಗಲಿಲ್ಲ. "ಆ ಮನೇಗೆ ಮತ್ತೆ ಓಗ್ಬೇಡ," ಎಂದ.

ಆದರೂ ಹೋದಳು, ಕ್ಯಾಮೆರಾವನ್ನೂ ಹೊತ್ತುಕೊಂಡೇ. ತೆಗೆದ ಫೋಟೊ ಕೊಡದೆ ಇರುವುದು ಅವಳಿಂದಾಗದು. ಎರಡು ಪ್ರಿಂಟುಗಳಲ್ಲಿ ಇಬ್ಬರಿದ್ದುದನ್ನು ಮರಿತಾಯಮ್ಮ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಎರಡನೆಯ ಮುಖವನ್ನು ಸವರಿದರು.

"ಇನ್ನೂವೆ ನೆಂದವ್ಳೆ ನೋಡು," ಎಂದರು.

"ಯಾರಜ್ಜಿ ಇವರು?"

"ನನ್ ತಂಗಿ, ಚಿಕ್ಕತಾಯಿ. ಇಬ್ರೂ ಒಟ್ಟಿಗೇ ಉಟ್ಟಿದ್ದು. ಗುರ್ತು ಸಿಗ್ಲಿ ಅಂತ ನಮ್ಮವ್ವ ನಂಗೆ ಎಡಕ್ಕೆ, ಅವ್ಳಿಗೆ ಬಲಕ್ಕೆ ಚುಚ್ಸಿದ್ಳು. ನಾಟಿಗೆ ಅಂತ ಆಚೆ ದಡಕ್ಕೆ ಒಂಟಿದ್ವಿ. ಅರಿಗೋಲು ಮಗುಚ್ತು. ನಾನು ಈಚೆ ದಡಕ್ಕೆ ಬಿದ್ದೆ. ಅವ್ಳು ಸಿಗ್ಲೇ ಇಲ್ಲ. ಆಗಿನ್ನೂ ನಮ್ಗೆ ಮದ್ವೆ ಆಗಿರ್ಲಿಲ್ಲ."

ಇಂದ್ರಾಣಿ ಪ್ರಿಂಟನ್ನು ಮತ್ತೆ ನೋಡಿದಳು. ಹುಡುಗಿಯಾಗಿದ್ದಾಗ ಹೊಳೆಪಾಲಾದವಳ ಮುಖದಲ್ಲಿ ಎಂಬತ್ತರ ಸುಕ್ಕಿತ್ತು. ಇಷ್ಟು ವರ್ಷ ನೀರಿನ ಅಡಿಯಲ್ಲಿ ಅವಳಿಗೂ ವಯಸ್ಸಾಗುತ್ತ ಬಂದಿತ್ತು.

ಕವನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಬೇಡಕ್ಕ, ಇದನ್ನ ತಗೊಂಡೋಗಿ. ಆ ಇನ್ನೊಂದು ಸಾಕು. ಚೆನ್ನಾಗಿ ಬಂದಿದೆ ಅದು."

"ನೀ ಸುಮ್ಕಿರವ್ವ," ಎಂದರು ಅಜ್ಜಿ. ಇಂದ್ರಾಣಿಯ ಕಡೆ ತಿರುಗಿ, "ಇನ್ನೊಂದ್ ತೆಗಿ. ಅವ್ಳು ಇನ್ನೂ ಚೆನ್ನಾಗ್ ಕಾಣೋ ಅಂಗೆ ತೆಗಿ. ಆ ಬಳೆ ತಿರುಗ್ಸಿ ಇನ್ನೊಂದೀಟು ಬಿಡಕ್ಕಾಗಲ್ವಾ?"

ಬಿಡಬಹುದಿತ್ತು. ಮೊದಲ ಸಲ ಅವಳು ಬಳೆಯನ್ನು ಕೊನೆಯವರೆಗೆ ತಿರುಗಿಸಿರಲಿಲ್ಲ. ಬೇಡವೆನ್ನಲು ಬಾಯಿ ತೆರೆದಳು. ಎದುರಿಗಿದ್ದ ಮುದುಕಿಯ ಕಣ್ಣು ನೋಡಿ ಕ್ಯಾಮೆರಾದ ಸ್ಟ್ಯಾಂಡ್ ಬಿಡಿಸಿದಳು. ನಿಜ ಹೇಳಬೇಕೆಂದರೆ ಅವಳಿಗೂ ನೋಡಬೇಕೆನಿಸಿತ್ತು.

ಅದೇ ಜಗಲಿ, ಅದೇ ಕುರ್ಚಿ. ನಡುಹಗಲು. ಬಟ್ಟೆಯೊಳಗೆ ಹೊಕ್ಕು ಅವಳು ಬಳೆಯನ್ನು ಒಂದೊಂದೇ ಗೆರೆ ತಿರುಗಿಸುತ್ತ, ತಿದಿಯನ್ನು ಎಳೆಯುತ್ತ ಹೋದಳು. ಚಿಕ್ಕತಾಯಿ ಹತ್ತಿರ ಬಂದಳು. ಮರಿತಾಯಮ್ಮನ ಸೆರಗು ಹಿಂದಿನ ಗೋಡೆಯಲ್ಲಿ ಕಲಸಿಹೋಯಿತು, ಆಮೇಲೆ ಭುಜ. ಕುರ್ಚಿಯ ತೋಳಿನ ಮೇಲಿದ್ದ ಅವರ ಕೈ ಮಾತ್ರ ಒಂದು ಗೆರೆಯಷ್ಟು ಉಳಿದಿತ್ತು. ಹೊಳೆಯ ಪಾಚಿಯ ವಾಸನೆ ಬಟ್ಟೆಯೊಳಗೆ ತುಂಬಿಕೊಂಡಿತು. ಜಗಲಿಯ ಕಡೆಯಿಂದ ಅಜ್ಜಿ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದರು. ಅದೇ ದನಿ ಕ್ಯಾಮೆರಾದ ಮುಂದೆಯೇ ನಿಂತು ಉತ್ತರ ಕೊಡುತ್ತಿತ್ತು.

ತಿದಿ ಕೊನೆ ಮುಟ್ಟಿತು. ಬಳೆಯೂ ಕೊನೆಗೆ ಬಂತು. ಕುರ್ಚಿಯ ಮೇಲಿದ್ದ ಆ ಕೈಯ ಗೆರೆ ಅಳಿಸಿಹೋಯಿತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮಬ್ಬು ಗಾಜೆಲ್ಲ ಒಮ್ಮೆಗೇ ಬೆಳ್ಳಗಾಯಿತು, ಯಾರೋ ಲೆನ್ಸಿಗೆ ಬಾಯಿಟ್ಟು ಉಸಿರು ಬಿಟ್ಟ ಹಾಗೆ.

ಇಂದ್ರಾಣಿ ಕಿರುಚಿದಳೋ ಇಲ್ಲವೋ ಅವಳಿಗೆ ನೆನಪಿಲ್ಲ. ಬಟ್ಟೆಯಡಿಯಿಂದ ತೋಳು ಚಾಚಿ, ತಡಕಾಡಿ, ಬಳೆಯನ್ನು ಸಿಕ್ಕಷ್ಟೂ ತಿರುಗಿಸಿ ಮುಚ್ಚಿಬಿಟ್ಟಳು. ಹೊರಗೆ ಬಂದಾಗ ಮರಿತಾಯಮ್ಮ ಕುರ್ಚಿಯಲ್ಲೇ ಇದ್ದರು, ಏದುಸಿರು ಬಿಡುತ್ತಿದ್ದರು. ಕವನ ಓಡಿಬಂದು ನಾಡಿ ಹಿಡಿದಳು. ಲೆನ್ಸಿನ ಮೇಲೆ ಕವಿದಿದ್ದ ಆವಿ ಆ ಬಿಸಿಲಿನಲ್ಲೂ ತುಸು ಹೊತ್ತು ಹಾಗೇ ಇದ್ದು, ಅಂಚಿನಿಂದ ಆರುತ್ತ ಬಂತು.

"ಯಾಕ್ ಮುಚ್ಬುಟ್ಟೆ ಮಗಾ?" ಅಜ್ಜಿಯ ದನಿಯಲ್ಲಿ ಅಳುವಿತ್ತು. "ಈಗ್ ತಾನೆ ಕೈಗೆ ಸಿಕ್ಕಿದ್ಲು."

ಅವರು ಚಾಚಿದ ಅಂಗೈ ಬಹಳ ಹೊತ್ತು ನೀರಿನಲ್ಲಿ ಅದ್ದಿಟ್ಟ ಹಾಗೆ ಬೆಳ್ಳಗೆ ನಿರಿಗೆ ಕಟ್ಟಿತ್ತು.

ಇಂದ್ರಾಣಿ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಜ್ಜಿ, ಅವರನ್ನ ಹತ್ತಿರ ಕರ್ಕೊಂಡ್ ಬರೋದು ನಂಗೊತ್ತು. ನಿಮ್ಮನ್ನ ವಾಪಸ್ ಕರ್ಕೊಂಡ್ ಬರೋದು ನಂಗೊತ್ತಿಲ್ಲ. ಈಗ ನೀವು ಕುರ್ಚೀಲಿ ಇರ್ಲಿಲ್ಲ."

ಮರಿತಾಯಮ್ಮ ಮುಖ ತಿರುಗಿಸಿ ಕೂತರು. ಮೊಮ್ಮಗಳು ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಕೊನೆಗೆ, ಕವನ ಅಳುತ್ತಿರುವುದನ್ನು ಕಂಡು, ಅವಳ ತಲೆ ನೇವರಿಸುತ್ತ ಹೇಳಿದರು:

"ಅಂಗಾದ್ರೆ ಇಬ್ರೂ ಇರೋ ಅಷ್ಟು ಮಾಡು. ನಾನೂ ಇರ್ಲಿ, ಅವ್ಳೂ ಇರ್ಲಿ."

ಇಂದ್ರಾಣಿ ಮತ್ತೆ ಬಟ್ಟೆಯೊಳಗೆ ಹೋಗಲು ಬಹಳ ಧೈರ್ಯ ತಂದುಕೊಳ್ಳಬೇಕಾಯಿತು. ಈ ಸಲ ಕಿರಿದು ಕಿಂಡಿಯಿಂದ ಶುರುಮಾಡಿದಳು. ಅಜ್ಜಿಯ ರೆಪ್ಪೆಯ ಮೇಲಿನ ಗಟ್ಟಿ ಗೆರೆಯನ್ನು ಒಂದು ಗಳಿಗೆಯೂ ಕಣ್ತಪ್ಪಿಸದೆ ಬಳೆಯನ್ನು ಕೂದಲೆಳೆಯಷ್ಟೇ ಬಿಡುತ್ತ ಬಂದಳು. ಒಂದು ಹಂತದಲ್ಲಿ ಅಜ್ಜಿಯ ಭುಜದ ಪಕ್ಕದಿಂದ ಇನ್ನೊಂದು ಮುಖ ಇಣುಕಿತು. ಇನ್ನೊಂದಿಷ್ಟು ಬಿಟ್ಟಳು. ಇಬ್ಬರೂ ಸಮವಾಗಿ ಕಂಡಾಗ ಕೈ ನಿಲ್ಲಿಸಿ, ಅದೇ ಕಿಂಡಿಯಲ್ಲಿ ಫೋಕಸ್ ಮತ್ತೆ ಹಿಡಿದು, ಫಿಲ್ಮಿನ ಹೋಲ್ಡರ್ ತೂರಿಸಿ ತೆಗೆದಳು.

ಆ ಫೋಟೊ ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ತೂಗಿತು. ಅಜ್ಜಿ ದಿನಾ ಬೆಳಗ್ಗೆ ಅದರ ಮುಂದೆ ಕೂತು ಸೊಸೆಯ ದೂರು, ಹಸುವಿನ ಹಾಲು, ಊರಿನ ಸುದ್ದಿ ಎಲ್ಲ ಹೇಳುತ್ತಾರೆಂದು ಕವನ ಫೋನಿನಲ್ಲಿ ಹೇಳುತ್ತಿದ್ದಳು. ಫೋಟೊದ ಕೆಳಗಿನ ನೆಲ ಮಾತ್ರ ಎಷ್ಟು ಒರೆಸಿದರೂ ಒದ್ದೆಯಂತೆ. ಮನೆಯವರು ಅಲ್ಲೊಂದು ಗೋಣಿತಟ್ಟು ಹಾಕಿ ಸುಮ್ಮನಾದರು. ಚಳಿ ಕಳೆದು ಬಿಸಿಲೇರುವ ಹೊತ್ತಿಗೆ ಮರಿತಾಯಮ್ಮ ನಿದ್ದೆಯಲ್ಲೇ ತೀರಿಕೊಂಡರು. ಅವತ್ತೇ ನೆಲ ಒಣಗಿತು. ಫೋಟೊವನ್ನು ತೆಗೆದುಬಿಡೋಣ ಎಂದು ಮೊದಲು ಅಂದವಳು ಕವನಳೇ. ಈಗ ಅದನ್ನು ಮುಟ್ಟಲು ಯಾರಿಗೂ ಬಿಡುವುದಿಲ್ಲ.

ಸುದ್ದಿ ಹೇಗೋ ಹಬ್ಬಿತು. ಸೋಮನಾಥಪುರದ ಕಡೆಯಿಂದ ಬೆಟ್ಟಸ್ವಾಮಿ ಎಂಬ ರೈತ ಮಡಿಸಿಟ್ಟಿದ್ದ ಶರ್ಟು ಹಾಕಿಕೊಂಡು ಅಂಗಡಿಗೆ ಬಂದ. ಹೆಂಡತಿ ತೀರಿಹೋಗಿ ಬಹಳ ದಿನವಾಗಿರಲಿಲ್ಲ. "ಅವ್ಳು ನನ್ ಪಕ್ದಲ್ಲಿ ಬತ್ತಾಳೇನೋ ನೋಡವ್ವ," ಎಂದ.

"ಅದು ನನ್ನ ಕೈಲಿಲ್ಲ ಅಣ್ಣ," ಎಂದಳು ಇಂದ್ರಾಣಿ.

"ನೋಡಾದ್ರೂ ನೋಡು."

ಕುರ್ಚಿಯಲ್ಲಿ ಕೂರಿಸಿದಳು. ಕರಿ ಬಟ್ಟೆಯೊಳಗೆ ಹೊಕ್ಕು ಕಿಂಡಿಯನ್ನು ಬಿಡುತ್ತ ಹೋದಳು. ಹೊಳಪು ಬಂತು, ಅವನದೇ ಹೊಳಪು. ಅವನು ಕಣ್ಣು ಮಿಟುಕಿಸಿದಾಗ ಅದೂ ಮಿಟುಕಿಸಿತು. ತಿದಿಯನ್ನು ಎಳೆದು ನೋಡಿದಳು, ಮೊದಲಿನ ಜಾಗಕ್ಕೆ ತಂದು ನೋಡಿದಳು. ಬೇರೆ ಯಾರೂ ಬರಲಿಲ್ಲ. ಎದೆ ಹಗುರಾಯಿತು, ಅದರ ಹಿಂದೆಯೇ ಆ ಮನುಷ್ಯನ ಮೇಲೆ ತಡೆಯಲಾರದಷ್ಟು ಮರುಕ ಬಂತು. ಮಾದಯ್ಯನವರು ಹೇಳಿದ್ದಷ್ಟು ಗಟ್ಟಿ ಗೆರೆ ಉಳಿಸಿ, ಉಳಿದದ್ದನ್ನೆಲ್ಲ ಮೆತ್ತಗೆ ಮಾಡಿ ತೆಗೆದಳು.

ಪ್ರಿಂಟು ಕೊಟ್ಟಾಗ ಬೆಟ್ಟಸ್ವಾಮಿ ಅದರ ಮೂಲೆ ಮೂಲೆಯನ್ನೂ ಹುಡುಕಿದ. ಆಮೇಲೆ ತನ್ನ ಮುಖವನ್ನೇ ನೋಡುತ್ತ ನಿಂತ.

"ಅವ್ಳು ಬಂದಿಲ್ಲ," ಎಂದ. ಕೆನ್ನೆ ಮುಟ್ಟಿಕೊಂಡು, "ನಾನ್ ಇಷ್ಟು ಮುದ್ಕ ಆಗಿವ್ನಿ ಅಂತ ಗೊತ್ತೇ ಇರ್ಲಿಲ್ಲ ಕಣವ್ವ," ಎಂದು ಅದನ್ನು ಟವಲಿನಲ್ಲಿ ಸುತ್ತಿಕೊಂಡು ನರಸೀಪುರದ ಬಸ್ಸಿಗೆ ಹೊರಟ.