ಅಮ್ಮನ ಹೊಳೆಯುವ ಮೆಟ್ಟಿಲು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದ್ರಾಸಿನ ಒಂದು ವಿಮಾ ಕಂಪನಿಯಲ್ಲಿ ವಾಹನ ಅಪಘಾತಗಳ ತನಿಖೆ ಮಾಡುತ್ತಿದ್ದೆ. ಪೆಟ್ಟು ತಿಂದವರ ಮನೆಗೆ ಹೋಗಿ ಹೇಳಿಕೆ ಬರೆದುಕೊಂಡು ಬರುವುದು ನನ್ನ ಕೆಲಸ. ಗಾಯಗೊಂಡವರದೂ ಅಜಾಗರೂಕತೆ ಇದ್ದರೆ ಅವರಿಗೆ ಸಿಗುವ ಪರಿಹಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎನ್ನುತ್ತದೆ ಕಾನೂನು. ಆ ಅಜಾಗರೂಕತೆಯನ್ನು ಹುಡುಕಿ ತೆಗೆಯುವುದರಲ್ಲಿ ನನ್ನದು ಎತ್ತಿದ ಕೈ. ಸುಳ್ಳು ಬರೆದವನಲ್ಲ ನಾನು. "ನೀವು ಸರಿಯಾಗಿ ನೋಡಿಕೊಂಡು ನಡೆಯುತ್ತಿದ್ದಿರಾ?" ಎಂದು ಮೆತ್ತಗೆ ಕೇಳುತ್ತಿದ್ದೆ, ಅಷ್ಟೆ. ಹೌದೆಂದು ಗಟ್ಟಿಯಾಗಿ ಹೇಳಿದ ಬಡವರನ್ನು ನಾನು ಕಂಡಿದ್ದು ಕಡಿಮೆ.

ಆಗ ನನ್ನ ಕೈಯಲ್ಲಿ ರಾಯಪುರಂನ ಮೀನು ಮಾರುವ ಹೆಂಗಸೊಬ್ಬಳ ಕಡತವಿತ್ತು. ಹಿಂದಕ್ಕೆ ಬರುತ್ತಿದ್ದ ಲಾರಿ ಅವಳ ಕಾಲಿನ ಮೇಲೆ ಹಾದುಹೋಗಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡು, ಬುಟ್ಟಿ ಹೊತ್ತು ಬೀದಿ ಸುತ್ತುವುದು ಅವಳಿಗೆ ಇನ್ನು ಆಗುವಂತಿರಲಿಲ್ಲ. ನಾನು ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ತಪ್ಪು ತನ್ನದೇ, ತಾನೇ ನೋಡಲಿಲ್ಲ ಎಂದಳು. ಹಾಗೆಯೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ಸೋಮವಾರ ಆ ವರದಿ ವಕೀಲರಿಗೆ ಹೋಗಬೇಕಿತ್ತು. ಹೋದರೆ ಅವಳ ಪಾಲಿಗೆ ದೊಡ್ಡದೇನೂ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಡ್ಯಾರಿನ ನಮ್ಮ ಬಾಡಿಗೆ ಮನೆಯ ಮುಂದೆ ಮೂರು ಕೆಂಪು ಸಿಮೆಂಟಿನ ಮೆಟ್ಟಿಲುಗಳಿದ್ದವು. ಅವು ಅಮ್ಮನ ಹೆಮ್ಮೆ. ಗುರುವಾರ ಸಂಜೆ ಕೊಬ್ಬರಿ ಎಣ್ಣೆ ಸವರಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ, ಮುಖ ಕಾಣುವ ಹಾಗೆ ಹೊಳೆಸುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಅದರ ಮೇಲೆಯೇ ನೀರು ಚಿಮುಕಿಸಿ ರಂಗೋಲಿ. ನಾವು ಮನೆಯವರು ಪಕ್ಕದ ಗೋಡೆ ಹಿಡಿದು ಇಳಿಯುವುದನ್ನು ಯಾವಾಗಲೋ ಕಲಿತಿದ್ದೆವು. ಬಂದವರಿಗೆ ಅದನ್ನು ಹೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆ ಶುಕ್ರವಾರ ನಮ್ಮ ಮನೆಗೆ ದಿನಾ ಮಲ್ಲಿಗೆ ಕೊಡುವ ಹೂವಿನವಳು ಎರಡನೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ಬುಟ್ಟಿ ಗೇಟಿನವರೆಗೆ ಉರುಳಿತು. ಬಲಗೈ ಮಣಿಕಟ್ಟು ನೋಡನೋಡುತ್ತಿದ್ದಂತೆ ಊದಿಕೊಂಡಿತು. ಓಡಿ ಬಂದ ನನ್ನ ಬಾಯಿಂದ ಮೊದಲು ಹೊರಟ ಮಾತು, ನೋಡಿಕೊಂಡು ಹತ್ತಬಾರದಾ, ಎಂಬುದು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವಳು ಕೈಯನ್ನು ಎದೆಗೆ ಅವಚಿಕೊಂಡು ನನ್ನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು: "ಎನ್ ತಪ್ಪುದಾನ್ ಸಾರ್. ನಾನ್ದಾನ್ ಪಾಕ್ಕಲೆ."

ನನ್ನದೇ ತಪ್ಪು, ನಾನೇ ನೋಡಲಿಲ್ಲ. ಮೀನಿನವಳು ಆಡಿದ್ದೂ ಇದೇ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಆದರೆ ಇಲ್ಲಿ ಎಣ್ಣೆ ಸವರಿದವರು ಯಾರು, ನೀರು ಹಾಕಿದವರು ಯಾರು ಎಂಬುದೆಲ್ಲ ನನಗೆ ಗೊತ್ತಿತ್ತು. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಮ್ಮನೆ ಅಲ್ಲ.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೂಳೆ ಬಿರುಕು ಬಿಟ್ಟಿದೆಯೆಂದು ಪಟ್ಟಿ ಹಾಕಿ, ಆರು ವಾರ ಆ ಕೈ ಬಳಸಬಾರದು ಎಂದರು. ಹೂವು ಕಟ್ಟುವವಳಿಗೆ ಬಲಗೈ ಬಳಸಬೇಡ ಎಂದರೆ ಏನು ಮಾಡಿಯಾಳು? ಮನೆಗೆ ಬಂದು ಅಮ್ಮನಿಗೆ ವಿಷಯ ಹೇಳಿದೆ. ಪಾಪ, ಅವಳೇ ತನ್ನ ತಪ್ಪು ಅಂತಾಳಲ್ಲ, ಎಂದೂ ಸೇರಿಸಿದೆ. ಅಮ್ಮನಿಗೆ ನೆಮ್ಮದಿಯಾಗಲಿ ಎಂದು.

ಅಮ್ಮ ನನ್ನ ಮುಖ ನೋಡಿದಳು. "ಎಣ್ಣೆ ತಿಕ್ಕಿದವಳು ನಾನು. ಅವಳು ಏನ್ ನೋಡ್ಬೇಕಿತ್ತೋ? ಹೊಳಪನ್ನಾ?"

ಅಷ್ಟು ಹೇಳಿ ಎದ್ದಳು. ಮರಳು, ಇಟ್ಟಿಗೆ ಚೂರು ತಂದು ಮೆಟ್ಟಿಲಿನ ಮುಂದೆ ಕೂತಳು. ಏಳೆಂಟು ವರ್ಷದ ಹೊಳಪನ್ನು ಗರಗರ ಉಜ್ಜಿ ಕೆಡಿಸಿದಳು. ನಾನು ಮಾಡ್ತೀನಿ ಬಿಡು ಎಂದರೆ ಕೇಳಲಿಲ್ಲ. ಮರುದಿನ ಹೂವಿನವಳ ಮನೆಗೆ ಹೋಗಿ, ತಪ್ಪು ತನ್ನದು ಎಂದು ತಮಿಳಿನಲ್ಲಿಯೇ ಹೇಳಿ ಬಂದಳಂತೆ. ಬಿದ್ದಾಗ ಅಳದವಳು ಆಗ ಅತ್ತಳಂತೆ. ಅಂದಿನಿಂದ ಆರು ವಾರ ನಮ್ಮ ಜಗಲಿಯ ಮೇಲೆ ಅಮ್ಮ ಹೂವು ಕಟ್ಟಿದಳು. ಹೂವಿನವಳು ಪಕ್ಕದಲ್ಲಿ ಕೂತು, ಈ ಗಂಟು ಬೀದಿ ತಿರುಗುವಷ್ಟರಲ್ಲಿ ಬಿಚ್ಚಿಕೊಳ್ಳುತ್ತೆ ಎಂದು ರೇಗಿಸುತ್ತಿದ್ದಳು.

ಸೋಮವಾರ ನಾನು ವರದಿ ಕಳಿಸಲಿಲ್ಲ. ಕಡತ ಹಿಡಿದು ಮತ್ತೆ ರಾಯಪುರಂಗೆ ಬಸ್ಸು ಹತ್ತಿದೆ. ಮೀನಿನವಳು ಗುಡಿಸಲಿನ ಮುಂದೆ ಕಾಲು ಚಾಚಿ ಕೂತು ಬಲೆಯ ಹರಕು ಹೊಲಿಯುತ್ತಿದ್ದಳು. ಈ ಸಲ ಅವಳು ಏನು ನೋಡಿದಳು, ಏನು ನೋಡಲಿಲ್ಲ ಎಂದು ಕೇಳಲಿಲ್ಲ. ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಹಿಂದೆ ನಿಂತು ಲಾರಿಯ ಮೈ ತಟ್ಟಿ ಕೂಗುತ್ತಿದ್ದನಾ, ಎಂದು ಕೇಳಿದೆ.

ಯಾರೂ ಇರಲಿಲ್ಲ, ಎಂದಳು. ಅವನು ಟೀ ಕುಡಿಯಲು ಹೋಗಿದ್ದ; ಹಾರನ್ ಕೂಡ ಆಗಲಿಲ್ಲ; ತಲೆಯ ಮೇಲೆ ಬುಟ್ಟಿ ಇದ್ದವಳು ಹಿಂದೆ ತಿರುಗಿ ನೋಡುವುದು ಹೇಗೆ, ಒಂದು ಸದ್ದು ಕೇಳಿದ್ದರೆ ಸರಿಯುತ್ತಿದ್ದೆ ಎಂದೂ ಹೇಳಿದಳು. ಆವತ್ತು ಅಲ್ಲೇ ಇದ್ದ ಅಕ್ಕಪಕ್ಕದ ಇಬ್ಬರು ಹೌದೆಂದರು. ಅವರ ಹೆಸರನ್ನೂ ಬರೆದುಕೊಂಡೆ. ಕಂಪನಿ ನನ್ನನ್ನು ಮೆಚ್ಚುವ ವರದಿ ಅದಲ್ಲವೆಂದು ಬರೆಯುವಾಗಲೇ ಗೊತ್ತಿತ್ತು.

ಬರೆದದ್ದನ್ನು ತಮಿಳಿನಲ್ಲಿ ಓದಿ ಹೇಳಿದೆ. ಅವಳು ಸೂಜಿ ಬದಿಗಿಟ್ಟು ಕೇಳಿಸಿಕೊಂಡಳು. ನಾನು ಇಂಕ್ ಪ್ಯಾಡ್ ಮುಂದೆ ಹಿಡಿದರೂ ಹೆಬ್ಬೆಟ್ಟು ಚಾಚಲಿಲ್ಲ.

"ಇದನ್ನ ಆವತ್ತೇ ಯಾಕೆ ಕೇಳಲಿಲ್ಲ ಸಾರ್?" ಎಂದಳು.