ನೆನೆಹಾಕಮ್ಮನ ಗಂಜಿ

ನನ್ನ ಅತ್ತಿಗೆಗೆ ಹಾಸ್ಟೆಲಿನ ಹುಡುಗಿಯರು ಇಟ್ಟ ಹೆಸರು ನೆನೆಹಾಕಮ್ಮ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಆ ಹಾಸ್ಟೆಲಿನಲ್ಲಿ ಅವರು ಅಡುಗೆಯವರು. ನಾಳೆ ತಿಂಡಿಗೆ ಏನು ಎಂದು ಯಾರೇ ಕೇಳಲಿ, ಅವರ ಉತ್ತರ ಒಂದೇ: "ನೆನೆಹಾಕಿದ್ದೀನಿ." ಏನನ್ನು ಎಂದು ಹೇಳುವುದಿಲ್ಲ. ಅಕ್ಕಿಯೋ ಬೇಳೆಯೋ ಕಾಳೋ, ಬೆಳಿಗ್ಗೆ ತಟ್ಟೆಗೆ ಬಂದ ಮೇಲೆಯೇ ಗೊತ್ತಾಗಬೇಕು. "ಯಾರನ್ನ ನೆನೀತಾ ಇದ್ದೀರಮ್ಮಾ?" ಎಂದು ಹುಡುಗಿಯರು ಕಾಡಿಸಿದರೆ, "ನಿಮ್ಮ ಹೊಟ್ಟೆನ" ಎಂದು ಸೌಟು ತೋರಿಸುತ್ತಿದ್ದರು.

ತಮಾಷೆಯಂತೆ ಕಂಡರೂ ಅದು ಅವರ ನಂಬಿಕೆಯೇ. ಕಾಳು ನೆನೆಯಬೇಕು, ಹಿಟ್ಟು ಹುಳಿ ಬರಬೇಕು, ಸಾರು ಸಣ್ಣ ಉರಿಯಲ್ಲಿ ತಾನಾಗಿ ಕುದಿಯಬೇಕು. ಅವಸರದಲ್ಲಿ ಬೆಂದದ್ದು ಹೊಟ್ಟೆಗೆ ಹೋಗಿ ಜಗಳ ಆಡುತ್ತದೆ ಎನ್ನುತ್ತಿದ್ದರು. ಇದನ್ನೆಲ್ಲ ಅವರಿಗೆ ಕಲಿಸಿದ್ದು ಅವರ ತಾಯಿ, ಆ ತಾಯಿಗೆ ಅವರ ತಾಯಿ. ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಬೇರೆಯವರು ಬೀರು ತಂದರೆ ಇವರು ಬೀಸುವ ಕಲ್ಲು ತಂದಿದ್ದರು. ಅದನ್ನು ಮೂರನೇ ಮಹಡಿಗೆ ಹತ್ತಿಸುವಷ್ಟರಲ್ಲಿ ನನ್ನಣ್ಣನ ಸೊಂಟ ಹಿಡಿದುಕೊಂಡಿತು. ಮದುವೆಯಾದ ಮರುದಿನವೇ ಗಂಡನಿಗೆ ಎಣ್ಣೆ ಹಚ್ಚುತ್ತಾ ಕೂತ ಹೆಂಗಸು ಎಂದು ನಾನು ಇವತ್ತಿಗೂ ಆಡಿಕೊಳ್ಳುತ್ತೇನೆ.

ಅಣ್ಣ ಲೇತ್ ಕೆಲಸದವನು. ಕಬ್ಬಿಣದ ಸರಳನ್ನು ಕೂದಲೆಳೆಯಷ್ಟು ಕೆರೆದು ತಿರುಪು ಹಾಕುವವನು, ಮಾತನ್ನೂ ಅಷ್ಟೇ ಜಿಪುಣತನದಲ್ಲಿ ಆಡುತ್ತಿದ್ದ. ಊಟದ ವಿಷಯದಲ್ಲಂತೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಡಿಸಿದವರ ಮುಂದೆ ಅನ್ನಕ್ಕೆ ಹೆಸರಿಡಬಾರದು ಎಂದು ಅಪ್ಪ ನಮಗಿಬ್ಬರಿಗೂ ಹೇಳಿದ್ದರು. ನಾನು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅವನು ಮಾತ್ರ ಅದನ್ನು ಎದೆಗೆ ಕಟ್ಟಿಕೊಂಡು ಬೆಳೆದ.

ಹೋದ ವರ್ಷ ಅವನ ಕರುಳಿನಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಆಪರೇಷನ್ ಮಾಡಿ ಕೆಟ್ಟ ಭಾಗ ತೆಗೆದರು. ಉಳಿದ ಕರುಳು ಕೂಡಿಕೊಳ್ಳಲು ಬಿಡುವು ಬೇಕೆಂದು ಹೊಟ್ಟೆಯ ಪಕ್ಕದಲ್ಲಿ ಒಂದು ತೂತು ಬಿಟ್ಟು, ಅದಕ್ಕೊಂದು ಚೀಲ ಅಂಟಿಸಿದರು. ತಿಂದದ್ದರ ಕಸ ಎಲ್ಲ ಆ ಚೀಲಕ್ಕೆ ನೀರು ನೀರಾಗಿ ಬರುತ್ತಿತ್ತು. ಮೈಯಲ್ಲಿ ಶಕ್ತಿ ತುಂಬಿಕೊಂಡರೆ ಇನ್ನೊಂದು ಆಪರೇಷನ್ ಮಾಡಿ ಕರುಳನ್ನು ಮತ್ತೆ ಜೋಡಿಸುತ್ತೇವೆ, ಶಕ್ತಿ ಬರದಿದ್ದರೆ ಮುಟ್ಟುವುದಕ್ಕೇ ಆಗುವುದಿಲ್ಲ ಎಂದು ದೊಡ್ಡ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅಂದರೆ ಅಣ್ಣ ಉಳಿಯುವುದು ಅತ್ತಿಗೆಯ ಅಡುಗೆಮನೆಯಲ್ಲಿ ಎಂದಾಯಿತು.

ಮನೆಗೆ ಕಳಿಸುವ ದಿನ ಒಬ್ಬ ನರ್ಸಮ್ಮ ಔಷಧಿಯ ಚೀಟಿ ಕೊಟ್ಟು, "ಸ್ವಲ್ಪ ದಿನ ಸಪ್ಪೆ ಊಟ ಕೊಡಿ, ನೀರು ಚೆನ್ನಾಗಿ ಕುಡಿಸಿ" ಎಂದಳು. ಅವಳ ಹಿಂದೆ ಇನ್ನೂ ಮೂವರು ಕಾಯುತ್ತಿದ್ದರು. ಅತ್ತಿಗೆ ತಲೆಯಾಡಿಸಿದರು. ನಾನೂ ಪಕ್ಕದಲ್ಲೇ ಇದ್ದೆ, ನಾನೂ ತಲೆಯಾಡಿಸಿದೆ.

ಹಾಸ್ಟೆಲಿಗೆ ರಜೆ ಹಾಕಿ ಅತ್ತಿಗೆ ಗಂಜಿಗೆ ಇಳಿದರು. ಧಾನ್ಯ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ತಾರಸಿಯ ನೆರಳಿನಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಘಮ ಬರುವಷ್ಟೇ ಹುರಿದು, ಕಲ್ಲಿನಲ್ಲಿ ಬೀಸಿ, ಬಟ್ಟೆಯಲ್ಲಿ ಸೋಸಿ, ಆ ಹಿಟ್ಟನ್ನು ನೀರಿನಲ್ಲಿ ಕದಡಿ ಕೈಬಿಡದೆ ತಿರುಗಿಸುತ್ತಾ ಬೇಯಿಸುವುದು. ಮೊಳಕೆ ಬಂದ ಧಾನ್ಯ ಅರ್ಧ ಜೀರ್ಣವಾಗಿಯೇ ಬಂದಿರುತ್ತದೆ, ಸೋತ ಕರುಳಿಗೆ ಕೆಲಸ ಕಡಿಮೆ ಎನ್ನುತ್ತಿದ್ದರು. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಎರಡು ಬೀದಿ ಆಚೆ ನನ್ನ ಮನೆ. ಸಂಜೆ ಹೋದರೆ ಆ ಮೆಟ್ಟಿಲಿಗೆಲ್ಲ ಹುರಿದ ಹಿಟ್ಟಿನ ಪರಿಮಳ ಹರಡಿರುತ್ತಿತ್ತು.

ಬೇಯಿಸಿದ್ದನ್ನು ಎರಡು ಬಟ್ಟಲಿಗೆ ಹಾಕುತ್ತಿದ್ದರು. ಅವನಿಗೊಂದು, ತಮಗೊಂದು. "ಅವರು ಒಬ್ಬರೇ ಸಪ್ಪೆ ತಿನ್ನೋದನ್ನ ನೋಡ್ಕೊಂಡು ನಾನು ಬೇರೆ ತಿಂದ್ರೆ ಗಂಟಲಲ್ಲಿ ಇಳಿಯುತ್ತಾ?" ಎಂದರು. ನನಗೂ ಒಂದು ಲೋಟ ಕೊಡಲು ಬಂದರೆ ನಾನು ಮೂಗು ಮುರಿದು ಓಡುತ್ತಿದ್ದೆ. ಗಂಜಿಗೂ ನನಗೂ ಚಿಕ್ಕಂದಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ.

ಅಣ್ಣ ಬಟ್ಟಲು ಬರಿದು ಮಾಡುತ್ತಿದ್ದ. ಬೆರಳಿನಿಂದ ಅಂಚು ಒರೆಸಿ ನೆಕ್ಕುತ್ತಿದ್ದ. ಆದರೂ ದಿನದಿನಕ್ಕೆ ಇಳಿದು ಹೋದ.

ಮೊದಲು ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದ. ಆಮೇಲೆ ಎದ್ದು ನಿಂತರೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವನು ಕೊನೆಗೆ ನನ್ನ ಹೆಗಲು ಹಿಡಿದು ಹೋಗತೊಡಗಿದ. ಆ ಹೆಗಲ ಮೇಲೆ ಕೈ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಹಗುರ. ಮೆಡಿಕಲ್ ಶಾಪಿನಿಂದ ರೋಗಿಗಳಿಗೆ ಕೊಡುವ ಪುಡಿಯ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದೆ.

"ಅತ್ತಿಗೆ, ಹಟ ಬಿಡಿ. ನಿಮ್ಮ ಗಂಜಿ ಸಾಕು, ಇದನ್ನ ಕೊಡಿ."

ಅವರು ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. "ಇದು ಎಂದು ಬೀಸಿದ್ದೋ, ಯಾವ ಕಾಳಿಂದೋ. ನೀರು ನೀರಾಗಿ ಹೋಗ್ತಿರೋ ಹೊಟ್ಟೆಗೆ ಇದನ್ನ ಹಾಕಿ ಇನ್ನೂ ಕೆಡಿಸಲಾ?" ಎಂದು ಮೇಲಿನ ಶೆಲ್ಫಿಗೆ ಸೇರಿಸಿದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಲೆಯ ಮುಂದೆ ಬೆನ್ನು ಹಾಕಿ ನಿಂತು ಗಂಜಿ ತಿರುಗಿಸುತ್ತಲೇ ಇದ್ದರು. ಆ ಬೆನ್ನೂ ಸವೆದಿರುವುದು ನನಗೆ ಆಗ ಕಂಡಿತು.

ತಪಾಸಣೆಗೆ ಹೋದೆವು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಮುಖ ಸಿಂಡರಿಸಿದರು. "ಇವರಿಗೆ ಏನೂ ತಿನ್ನಿಸ್ತಾ ಇಲ್ವಾ?" ಎಂದು ಕೇಳಿದವಳು ಬೇರೆ ನರ್ಸು.

"ಅದೇ ಸಪ್ಪೆ ಊಟಾನೇ ಕೊಡ್ತಾ ಇದ್ದೀನಿ. ಮುಂದುವರಿಸಲಾ?" ಎಂದರು ಅತ್ತಿಗೆ.

"ಹ್ಞೂಂ, ಅದನ್ನೇ ಜಾಸ್ತಿ ಕೊಡಿ."

ಜಾಸ್ತಿ ಕೊಟ್ಟರು. ನೀರನ್ನೂ ಜಾಸ್ತಿ ಕುಡಿಸಿದರು. ತಮ್ಮ ಕೈಗುಣವೇ ಹೋಯಿತೇನೋ ಎಂದು ಅತ್ತಿಗೆಗೆ ಅನುಮಾನ ಶುರುವಾಯಿತು. ಬೀಸಿದ ಹಿಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಹುರಿದದ್ದು ಕಡಿಮೆಯಾಯಿತೇ ಎಂದು ಮತ್ತೆ ಹುರಿಯುವುದು, ನೀರು ಬದಲಿಸಿ ನೆನೆಸುವುದು. ಊರಿಗೆಲ್ಲ ಹೊಟ್ಟೆ ತುಂಬಿಸಿದ ಹೆಂಗಸು ತನ್ನ ಗಂಡನ ಮುಂದೆ ಬಟ್ಟಲು ಹಿಡಿದು ಕಳ್ಳಿಯ ಹಾಗೆ ನಿಲ್ಲುತ್ತಿದ್ದರು. "ಹೇಗಿದೆ ರೀ?" ಎಂದು ಕೇಳಿದರೆ ಅಣ್ಣ, "ಹದವಾಗಿದೆ" ಎನ್ನುತ್ತಿದ್ದ. ಅಷ್ಟೇ ಅವರಿಗೆ ಉಳಿದಿದ್ದ ಆಸರೆ.

ಒಂದು ಭಾನುವಾರ ಬೆಳಿಗ್ಗೆ ನಾನು ಒಳಗೆ ಕಾಲಿಟ್ಟಾಗ ಅಣ್ಣ ಹಾಸಿಗೆಯ ಮೇಲೆ ಕೂತು ಅತ್ತಿಗೆಯನ್ನೇ ನೋಡುತ್ತಿದ್ದ. "ಕೂತ್ಕೊಳ್ಳಿ ಮೇಡಂ, ಮನೆಯವಳು ಈಗ ಬರ್ತಾಳೆ" ಎಂದ. ಒಂದು ಗಳಿಗೆ ತಮಾಷೆ ಎಂದುಕೊಂಡು ನನಗೆ ನಗು ಬಂತು. ಅತ್ತಿಗೆಯ ಮುಖ ನೋಡಿದ ಮೇಲೆ ನಗು ಅಲ್ಲೇ ಸತ್ತಿತು. ನನ್ನನ್ನು ಅವನು ಅಮ್ಮಾ ಎಂದು ಕರೆದ. ಆಮೇಲೆ ಕರೆಯಲೂ ಇಲ್ಲ, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ಮೈಯೆಲ್ಲ ಸೆಟೆದು ಒಂದು ಪಕ್ಕಕ್ಕೆ ವಾಲಿದ.

ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಮತ್ತು ಅವನ ಮಗಳು ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ಆಟೋದಲ್ಲಿ ಅತ್ತಿಗೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಒಂದು ಗುಟುಕು ಕುಡಿದಿದ್ರೆ, ಒಂದೇ ಗುಟುಕು" ಎಂದು ಅದನ್ನೇ ಹೇಳುತ್ತಿದ್ದರು. ಗಂಜಿಯ ಬಟ್ಟಲು ಇನ್ನೂ ಅವರ ಕೈಯಲ್ಲೇ ಇತ್ತು. ನನಗೆ ದಿಕ್ಕೇ ತೋಚಲಿಲ್ಲ. ಅವನು ಸಾಯುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ರಕ್ತ ತೆಗೆದರು. ಸ್ವಲ್ಪ ಹೊತ್ತಿಗೆ ಕನ್ನಡಕದ ಡಾಕ್ಟರಮ್ಮ ಹೊರಗೆ ಬಂದು ನಮ್ಮನ್ನು ಗೋಡೆಯ ಪಕ್ಕಕ್ಕೆ ಕರೆದರು.

"ಮೈಯಲ್ಲಿ ಉಪ್ಪಿನ ಅಂಶ ಪೂರ್ತಿ ಇಳಿದುಹೋಗಿದೆ. ಮಿದುಳಿಗೆ ಹೊಡೆತ ಬಿದ್ದಿರೋದು ಅದರಿಂದ್ಲೇ. ಆ ಚೀಲ ಇರೋರಿಗೆ ಉಪ್ಪು ಬೇರೆಯೋರಿಗಿಂತ ಜಾಸ್ತಿ ಬೇಕು, ಎಲ್ಲಾ ನೀರಲ್ಲಿ ಹೋಗ್ಬಿಡುತ್ತೆ. ಊಟಕ್ಕೆ ಎಷ್ಟು ಉಪ್ಪು ಹಾಕ್ತಾ ಇದ್ರಿ?"

ಅತ್ತಿಗೆ ಅರ್ಥವಾಗದವರ ಹಾಗೆ ನೋಡಿದರು. "ಉಪ್ಪು ಎಲ್ಲಿ ಹಾಕೋದು? ನೀವೇ ಸಪ್ಪೆ ಕೊಡಿ ಅಂದ್ರಲ್ಲ."

"ಸಪ್ಪೆ ಅಂದ್ರೆ ಖಾರ, ಮಸಾಲೆ ಬೇಡ ಅಂತಮ್ಮ."

"ಸಪ್ಪೆ ಅಂದ್ರೆ ಉಪ್ಪಿಲ್ಲದ್ದು" ಎಂದರು ಅತ್ತಿಗೆ. ದನಿ ಏರಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸುವವರ ಹಾಗೆ ಇನ್ನೊಮ್ಮೆ ಹೇಳಿದರು. "ಉಪ್ಪಿಲ್ಲದ್ದಕ್ಕೆ ತಾನೇ ಸಪ್ಪೆ ಅನ್ನೋದು."

ಸಪ್ಪೆ ಎನ್ನುವುದು ನಾವು ದಿನಕ್ಕೆ ಹತ್ತು ಸಲ ಆಡುವ ಮಾತು. ಖಾರ ಸಾಲದ ಸಾರಿಗೂ ಸಪ್ಪೆ ಎನ್ನುತ್ತೇವೆ, ಉಪ್ಪು ಮರೆತ ಸಾರಿಗೂ ಸಪ್ಪೆ ಎನ್ನುತ್ತೇವೆ, ಪೆಚ್ಚಾದ ಮುಖಕ್ಕೂ ಅದೇ. ಆ ನರ್ಸಮ್ಮ ಒಂದು ಅರ್ಥದಲ್ಲಿ ಅಂದಳು, ಅಡುಗೆಯವರು ಅಡುಗೆಯವರ ಅರ್ಥದಲ್ಲಿ ಕೇಳಿಸಿಕೊಂಡರು. ಎರಡು ಮಾತು ಬಿಡಿಸಿ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಕೂಗಾಡಬೇಕೆಂದು ಗೊತ್ತಾಗದೆ ಕಾವಲುಗಾರನ ಮೇಲೆ ಕೂಗಾಡಿದೆ.

ಅತ್ತಿಗೆ ನೆಲದ ಮೇಲೆ ಕೂತರು. "ನನ್ನ ಕೈ ದಿನಾ ಉಪ್ಪಿನ ಡಬ್ಬಿಗೆ ಹೋಗ್ತಿತ್ತು ಕಣೇ. ದಿನಾ. ಹೊಡೆದು ಹೊಡೆದು ವಾಪಸ್ ತಗೊಂಡೆ" ಎಂದರು. ಆಮೇಲೆ, "ನೀನು ತಂದ ಡಬ್ಬಿ ಕೊಟ್ಟಿದ್ರೆ ಹೀಗಾಗ್ತಿರಲಿಲ್ಲ. ಅದರಲ್ಲಿ ಉಪ್ಪು ಇರುತ್ತೆ. ನನ್ನ ಗಂಜಿನೇ ಅವರನ್ನ ತಿಂತು" ಎಂದರು. ಅಳಲಿಲ್ಲ. ಅಳದ ಆ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಡಾಕ್ಟರಮ್ಮ ಅವರ ಎದುರಿಗೆ ಮಂಡಿಯೂರಿದರು. ಏನು ಗಂಜಿ, ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ಅತ್ತಿಗೆ ಹೇಳಿದರು: ನೆನೆಸಿದ್ದು, ಮೊಳಕೆ ಬರಿಸಿದ್ದು, ಹುರಿದದ್ದು, ಬೀಸಿದ್ದು.

"ಅಷ್ಟು ಸುಲಭವಾಗಿ ಜೀರ್ಣ ಆಗೋದು ಹೊಟ್ಟೆಗೆ ಹೋಗಿದ್ದಕ್ಕೇ ಇಷ್ಟು ದಿನ ತಡ್ಕೊಂಡಿದ್ದಾರೆ. ಗಂಜಿ ತಪ್ಪಲ್ಲ, ಉಪ್ಪು ಇಲ್ಲದ್ದು ತಪ್ಪು. ಈಗ ರಕ್ತಕ್ಕೆ ಉಪ್ಪು ನಿಧಾನವಾಗಿ ಏರಿಸ್ತಾ ಇದ್ದೀವಿ. ಅವಸರ ಮಾಡಿದ್ರೆ ಮಿದುಳಿಗೇ ಅಪಾಯ. ಎಚ್ಚರ ಆದಾಗ ಗುರುತು ಹಿಡಿದ್ರೆ ಗೆದ್ದ ಹಾಗೆ" ಎಂದರು.

ಅಂದು ಅವನಿಗೆ ಎಚ್ಚರವಾಗಲಿಲ್ಲ. ಸಲೈನ್ ಬಾಟಲಿಯಿಂದ ಹನಿ ಬೀಳುವುದನ್ನು ನೋಡುತ್ತಾ ಅತ್ತಿಗೆ ಮಂಚದ ಪಕ್ಕ ನಿಂತೇ ಇದ್ದರು. ಸ್ಟೂಲ್ ತಂದುಕೊಟ್ಟರೂ ಕೂರಲಿಲ್ಲ. ಕ್ಯಾಂಟೀನಿನಿಂದ ಏನಾದರೂ ತರಲೇ ಎಂದರೆ ಬಾಯಿಗೆ ಸೆರಗು ಅಡ್ಡ ಹಿಡಿದರು. ನಾನು ನಂಬಿದ, ನಂಬದ ಎಲ್ಲ ದೇವರನ್ನೂ ಬೇಡಿಕೊಂಡೆ.

ಮರುದಿನ ಮಧ್ಯಾಹ್ನ ಅಣ್ಣ ಕಣ್ಣು ಬಿಟ್ಟ. ಬಾಟಲಿ ನೋಡಿದ, ಕಿಟಕಿ ನೋಡಿದ, ನನ್ನನ್ನು ನೋಡಿದ. ಕೊನೆಗೆ ಅತ್ತಿಗೆಯ ಮೇಲೆ ಕಣ್ಣು ನಿಂತಿತು.

"ಇಷ್ಟು ಇಳಿದು ಹೋಗಿದ್ದೀಯಲ್ಲೇ" ಎಂದ.

ಗುರುತು ಹಿಡಿದಿದ್ದ. ನಾನು ಕಿಟಕಿಯ ಕಂಬಿ ಹಿಡಿದುಕೊಂಡೆ. ಆದರೆ ಅತ್ತಿಗೆಗೆ ಸಂತೋಷಪಡಲು ಪುರುಸೊತ್ತಿರಲಿಲ್ಲ, ನಿನ್ನೆಯಿಂದ ಒಳಗೇ ಕುದಿಯುತ್ತಿದ್ದದ್ದು ಬಾಯಿಗೆ ಬಂದಿತ್ತು.

"ನಾನು ಕೊಡ್ತಿದ್ದ ಗಂಜಿಗೆ ಉಪ್ಪಿರಲಿಲ್ಲ. ಗೊತ್ತಾಗ್ತಿತ್ತಾ ನಿಮಗೆ?"

"ಮೊದಲನೇ ದಿನಾನೇ ಗೊತ್ತಾಯ್ತು."

"ಮತ್ತೆ ಹದವಾಗಿದೆ ಅಂತಿದ್ರಿ. ಒಂದು ದಿನ, ಒಂದೇ ಒಂದು ದಿನ ಉಪ್ಪು ಬೇಕು ಅಂತ ಕೇಳಬಾರದಿತ್ತೇನ್ರೀ?"

ಅಣ್ಣ ಒಣಗಿದ ತುಟಿ ಸವರಿಕೊಂಡ.

"ನೀನೂ ಅದನ್ನೇ ತಿಂತಾ ಇದ್ದೆಯಲ್ಲ" ಎಂದ. "ನಾನು ಯಾವ ಬಾಯಲ್ಲಿ ಕೇಳಲಿ?"

ಅತ್ತಿಗೆ ಅವನ ಕಾಲ ಹತ್ತಿರ ಮಂಚಕ್ಕೆ ತಲೆ ಆನಿಸಿ ಕುಸಿದರು. ಅಳು ಈಗ ಬಂತು. ಪಕ್ಕದ ಮಂಚದವರೆಲ್ಲ ಎದ್ದು ಕೂತು ನೋಡುವ ಹಾಗೆ ಅತ್ತರು, ನಾನು ಸಮಾಧಾನ ಮಾಡಲು ಹೋಗಲಿಲ್ಲ.